ಮಜ್ಜಿಗೆ ಗಾಡಿಯ ಎರಡನೇ ಬ್ಯಾಟರಿ

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿದ್ಯುಚ್ಛಕ್ತಿಯ ಪಾಠ ಹೇಳಿದವನಿಗೆ ವಿದ್ಯುತ್ತು ಗೊತ್ತಿರುತ್ತದೆ ಎಂದು ಜನ ನಂಬುತ್ತಾರೆ. ಜನರನ್ನು ದೂರುವಂತಿಲ್ಲ, ನಾನೂ ಹಾಗೆಯೇ ನಂಬಿದ್ದೆ. ಕಪ್ಪು ಹಲಗೆಯ ಮೇಲೆ ನಾನು ಬರೆದ ಬ್ಯಾಟರಿಗಳಲ್ಲಿ ಒಂದೂ ಕೈಕೊಟ್ಟದ್ದಿಲ್ಲ. ಒಂದು ಉದ್ದ ಗೆರೆ, ಒಂದು ಗಿಡ್ಡ ಗೆರೆ. ಅಲ್ಲಿಂದ ಹೊರಟ ಸೀಮೆಸುಣ್ಣ ಬಲ್ಬನ್ನು ಸುತ್ತಿಕೊಂಡು ಮರಳಿ ಬಂದರೆ ಬಲ್ಬು ಹತ್ತಿದಂತೆಯೇ ಲೆಕ್ಕ. ಹತ್ತಲಿಲ್ಲ ಎಂದು ಯಾವ ವಿದ್ಯಾರ್ಥಿಯೂ ತಕರಾರು ಮಾಡಲಿಲ್ಲ. ಇಂಥ ಅಡೆತಡೆಯಿಲ್ಲದ ಯಶಸ್ಸು ಮನುಷ್ಯನನ್ನು ಕೆಡಿಸುತ್ತದೆ. ನಿವೃತ್ತನಾಗಿ ರಾಣೆಬೆನ್ನೂರಿನ ಮನೆಯಲ್ಲಿ ಕೂತ ಮೇಲೆ ನಾನು ಮನೆಯ ಸಾಮಾನುಗಳ ಮೇಲೆ ಕೈಯಿಡಲು ಶುರುಮಾಡಿದೆ. ಮಿಕ್ಸರ್ ನಿಂತರೆ ಬಿಚ್ಚುತ್ತಿದ್ದೆ, ಊದುತ್ತಿದ್ದೆ, ಒರೆಸುತ್ತಿದ್ದೆ, ಮುಚ್ಚುತ್ತಿದ್ದೆ. ಎರಡು ದಿನ ಬಿಟ್ಟು ಅದು ತಿರುಗುತ್ತಿತ್ತು. ಇಸ್ತ್ರಿ ಪೆಟ್ಟಿಗೆಯೂ ಹಾಗೆಯೇ, ಮೇಜಿನ ಫ್ಯಾನೂ ಹಾಗೆಯೇ. ಎರಡು ದಿನ ಯಾಕೆ ಬೇಕಾಗುತ್ತದೆ ಎಂದು ನಾನು ಎಂದೂ ಕೇಳಿಕೊಳ್ಳಲಿಲ್ಲ. ಕೆಲವು ಔಷಧಗಳು ನಿಧಾನವಾಗಿ ಗುಣ ಕೊಡುತ್ತವಲ್ಲ, ಇದೂ ಹಾಗೆಯೇ ಇರಬೇಕು ಎಂದುಕೊಂಡಿದ್ದೆ.

ನನ್ನ ಹೆಂಡತಿ ಗಿರಿಜಾ ಹೊಸರಿತ್ತಿಯವಳು. ಎಮ್ಮೆ ಇದ್ದ ಮನೆಯಲ್ಲಿ ಬೆಳೆದವಳಾದ್ದರಿಂದ ಮಜ್ಜಿಗೆಯ ವಿಷಯದಲ್ಲಿ ಆಕೆಯದು ಕೊನೆಯ ಮಾತು. ಹುಳಿ ಏರುವ ಮೊದಲೇ ಕಡೆದು, ಶುಂಠಿ, ಕೊತ್ತಂಬರಿ, ಜೀರಿಗೆ ಹಾಕಿ ಆಕೆ ಕೊಡುವ ಮಜ್ಜಿಗೆಯನ್ನು ಕುಡಿದವರು ಎರಡನೆಯ ಗ್ಲಾಸಿಗೆ ನಾಚಿಕೊಳ್ಳುವುದಿಲ್ಲ. ಒಂದು ವರ್ಷ ಬೇಸಿಗೆಯ ಮೊದಲು ಆಕೆ ಮಸಾಲೆಪುಡಿಯ ಮೆಣಸಿನಕಾಯಿ ತರಲು ಬ್ಯಾಡಗಿಯಲ್ಲಿರುವ ತನ್ನ ತಂಗಿಯ ಜೊತೆ ಮಾರುಕಟ್ಟೆಯ ಅಂಗಳಕ್ಕೆ ಹೋದಳು. ಬ್ಯಾಡಗಿ ಬಂತೆಂದು ಬಸ್ಸಿನಲ್ಲಿ ನಿದ್ದೆ ಹೋದವನಿಗೂ ಗೊತ್ತಾಗುತ್ತದೆ. ಮೊದಲು ಮೂಗು ಹೇಳುತ್ತದೆ, ಆಮೇಲೆ ಗಂಟಲು. ಅಂಥ ಘಾಟಿನಲ್ಲಿ ಹೆಂಗಸರು ಸಾಲಾಗಿ ಕೂತು, ಸೆರಗನ್ನು ಮೂಗಿಗೆ ಬಿಗಿದು, ಬೆಳಗಿನಿಂದ ಸಂಜೆಯವರೆಗೆ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಾರೆ. ಗಿರಿಜಾ ತನಗೆಂದು ಒಯ್ದಿದ್ದ ಮಜ್ಜಿಗೆಯ ಬಾಟಲಿಯನ್ನು ಅವರಲ್ಲಿ ಹಿರಿಯಳಾದ ಫಕ್ಕೀರವ್ವ ಎಂಬವಳಿಗೆ ಕೊಟ್ಟಳಂತೆ. ಆಕೆ ಎರಡು ಗುಟುಕು ಕುಡಿದು ಪಕ್ಕದವಳಿಗೆ ಕೊಟ್ಟಳು, ಆಕೆ ಮತ್ತೊಬ್ಬಳಿಗೆ ಕೊಟ್ಟಳು. ಬಾಟಲಿ ಸಾಲಿನ ಅರ್ಧಕ್ಕೂ ಮುಟ್ಟಲಿಲ್ಲ. ಗಿರಿಜಾ ಮನೆಗೆ ಬಂದು ಚೀಲ ಇಳಿಸುವ ಮೊದಲೇ ಹೇಳಿದಳು, "ನಾ ಇನ್ನ ಸಂತಿ ದಿವಸ ಬ್ಯಾಡಗಿಗೆ ಮಜ್ಜಿಗಿ ಒಯ್ಯೂದು. ಉಳಿದ ಅರ್ಧಾ ಸಾಲು ನನ್ನ ಮಾರಿ ನೋಡಿಕೋತ ಕುಂತಿತ್ತು."

ನಾನು ಖುಷಿಯಿಂದ ಒಪ್ಪಿದೆ. ಖುಷಿಗೆ ಕಾರಣ ಮಜ್ಜಿಗೆಯಲ್ಲ. ನಿವೃತ್ತಿಯ ದುಡ್ಡಿನಲ್ಲಿ ನಾನು ಒಂದು ಹಳೆಯ ಜೀಪು ಕೊಂಡಿದ್ದೆ, ಅದಕ್ಕೆ ಈವರೆಗೆ ಏನೂ ಕೆಲಸ ಇರಲಿಲ್ಲ. ಬಾಗಿಲಲ್ಲಿ ನಿಂತ ಜೀಪನ್ನು ನೋಡಿ ಗಿರಿಜಾ "ಹರಕಿ ಕೋಣ" ಎನ್ನುತ್ತಿದ್ದಳು. ಈಗ ಅದಕ್ಕೊಂದು ಅರ್ಥ ಬಂತು. ವೆಲ್ಡಿಂಗ್ ಅಂಗಡಿಯಲ್ಲಿ ಎರಡು ಗಾಲಿಯ ಸಣ್ಣ ಟ್ರೇಲರ್ ಮಾಡಿಸಿದೆ. ಹಾವೇರಿಯಲ್ಲಿ ಐಸ್‌ಕ್ರೀಮ್ ಮಾರುವುದನ್ನು ಬಿಟ್ಟವರೊಬ್ಬರಿಂದ ಬ್ಯಾಟರಿಯ ಮೇಲೆ ನಡೆಯುವ ಪೆಟ್ಟಿಗೆಯಂಥ ಫ್ರಿಜ್ಜು ತಂದೆ. "ಇಷ್ಟೆಲ್ಲಾ ಯಾಕ, ಐಸ್ ಹಾಕಿದ್ರಾಗೂದಿಲ್ಲೇನು?" ಎಂದು ಮೊದಲು ನಾನೇ ಕೇಳಿದ್ದೆ. ಗಿರಿಜಾ, "ಎಲ್ಲೀದೋ ನೀರಿನ ಐಸು ನನ್ನ ಮಜ್ಜಿಗ್ಯಾಗ ಬ್ಯಾಡ" ಎಂದಳು. ಅಲ್ಲಿಗೆ ಐಸಿನ ವಿಚಾರ ಕರಗಿತು.

ಫ್ರಿಜ್ಜಿಗೆಂದೇ ಟ್ರೇಲರಿನಲ್ಲಿ ಎರಡನೆಯ ಬ್ಯಾಟರಿಯೊಂದನ್ನು ಇಟ್ಟೆ. ಅದನ್ನು ತುಂಬಿಸುವುದು ಹೇಗೆ? ಫ್ರಿಜ್ಜು ಕೊಟ್ಟವರು, "ಚಾರ್ಜರ್ ತಗೊಂಡು ಮನ್ಯಾಗ ಹಚ್ಚರಿ" ಎಂದಿದ್ದರು. ನಮ್ಮ ಓಣಿಯೊಳಗೆ ಟ್ರೇಲರ್ ಬರುವುದಿಲ್ಲ, ಅದು ನಿಲ್ಲುವುದು ಮೂಲೆಯ ಖಾಲಿ ಜಾಗದಲ್ಲಿ. ಅಲ್ಲಿಗೆ ಕರೆಂಟಿಲ್ಲ. ಅದಕ್ಕಿಂತ ಹೆಚ್ಚಾಗಿ, ವಿಜ್ಞಾನದ ಮಾಸ್ತರನಿಗೆ ಯಾರೋ ಐಸ್‌ಕ್ರೀಮಿನವರು ದಾರಿ ಹೇಳುವುದೇ? ಜೀಪಿನ ಎಂಜಿನ್ ಓಡುವಾಗ ತಾನಾಗಿ ವಿದ್ಯುತ್ತು ಹುಟ್ಟಿಸುತ್ತದೆ. ಜೀಪಿನ ಹಿಂಭಾಗದಲ್ಲಿ ಟ್ರೇಲರಿನ ದೀಪಗಳಿಗೆಂದು ಏಳು ಪಿನ್ನಿನ ಸಾಕೆಟ್ ಇರುತ್ತದೆ. ಬಲಕ್ಕೆ ತಿರುಗುವ ದೀಪ, ಎಡಕ್ಕೆ ತಿರುಗುವ ದೀಪ, ಬ್ರೇಕಿನ ದೀಪ, ಹಿಂದಿನ ಕೆಂಪು ದೀಪ, ಎಲ್ಲಕ್ಕೂ ಅಲ್ಲಿಂದಲೇ ವಿದ್ಯುತ್ತು ಹೋಗುತ್ತದೆ. ಅದೇ ಸಾಕೆಟ್ಟಿನಿಂದ ಒಂದು ತಂತಿ ಎಳೆದು ಬ್ಯಾಟರಿಗೆ ಕೊಟ್ಟರಾಯಿತು, ಬ್ಯಾಡಗಿ ಮುಟ್ಟುವುದರೊಳಗೆ ತುಂಬಿರುತ್ತದೆ. ಇದನ್ನೆಲ್ಲ ನಾನು ಗಿರಿಜಾಳಿಗೆ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಚಿತ್ರ ಬರೆದು ವಿವರಿಸಿದೆ. "ಚಿತ್ರ ಛಂದ ಐತಿ" ಎಂದಳು.

ಮೊದಲ ಸಲ ನಾನು ಹಿಂದಿನ ಕೆಂಪು ದೀಪದ ತಂತಿಯಿಂದಲೇ ಬ್ಯಾಟರಿಗೆ ಕೊಟ್ಟೆ. ಇದರಲ್ಲಿ ಒಂದೇ ಸಣ್ಣ ತೊಡಕು. ಜೀಪಿನ ದೀಪಗಳು ಹತ್ತಿದ್ದರೆ ಮಾತ್ರ ಆ ತಂತಿಯಲ್ಲಿ ವಿದ್ಯುತ್ತು ಬರುತ್ತದೆ. ಹತ್ತಿಸಿದರಾಯಿತು ಎಂದು ಹಾಡುಹಗಲಿನಲ್ಲಿ ದೀಪ ಹಾಕಿಕೊಂಡು ಹೊರಟೆವು. ಊರು ದಾಟುವ ಮೊದಲೇ ಎದುರು ಬಂದ ಮೋಟಾರ್ ಸೈಕಲಿನವನು ಐದೂ ಬೆರಳು ಕೂಡಿಸಿ ಬಿಡಿಸಿ ತೋರಿಸಿದ. ದೀಪ ಉರಿಯುತ್ತಿದೆ ಎಂದರ್ಥ. ನಾನು ತಲೆಯಾಡಿಸಿ ಆರಿಸಿದೆ. ಅವನು ದಾಟಿ ಹೋದ ಮೇಲೆ ಮತ್ತೆ ಹಾಕಿದೆ. ಆಮೇಲೆ ಬಸ್ಸಿನ ಚಾಲಕ, ಆಮೇಲೆ ಟ್ರ್ಯಾಕ್ಟರಿನವನು, ಆಮೇಲೆ ಸ್ಕೂಟರಿನ ಹಿಂದೆ ಮಗುವನ್ನು ಹಿಡಿದು ಕೂತಿದ್ದ ಹೆಂಗಸು. ಆಕೆ ಕೈ ಬಿಡುವಂತಿರಲಿಲ್ಲ, ಮಗುವಿನ ಕೈಯನ್ನೇ ಹಿಡಿದು ಬೆರಳು ಬಿಡಿಸಿ ತೋರಿಸಿದಳು. ಮೋಟೆಬೆನ್ನೂರಿನ ಕಟ್ಟೆಯ ಮೇಲೆ ಕೂತಿದ್ದ ನಾಲ್ಕು ಜನ ಮುದುಕರಂತೂ ಒಟ್ಟಿಗೇ ಎದ್ದು ಕೈ ಆಡಿಸಿದರು.

"ಅವರು ತೋರಿಸಿದ್ರ ನೀವ್ಯಾಕ ಆರಸ್ತೀರಿ?" ಎಂದಳು ಗಿರಿಜಾ.

"ಪಾಪ, ಅಷ್ಟು ಕಾಳಜಿಯಿಂದ ಹೇಳ್ಯಾರ. ಆರಸಲಿಲ್ಲ ಅಂದ್ರ ಬ್ಯಾಸರಾ ಮಾಡ್ಕೋತಾರ."

"ಅವರು ಬ್ಯಾಸರಾ ಮಾಡ್ಕೋಬಾರ್ದು, ಮಜ್ಜಿಗಿ ಬಿಸಿ ಆಗ್ಲಿ. ಹೌದಲ್ಲ?"

ನನ್ನ ಸ್ವಭಾವವೇ ಹಾಗೆ. ತರಗತಿಯಲ್ಲಿ ಹುಡುಗರು ತಪ್ಪು ಉತ್ತರ ಹೇಳಿದರೂ "ಬರೋಬರಿ, ಆದರ" ಎಂದೇ ಶುರುಮಾಡುತ್ತಿದ್ದೆ. ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ಪರೋಪಕಾರಿಗಳು ಇಲ್ಲದ ಜಾಗ ಬಹಳ ಕಡಿಮೆ. ಹೀಗೆ ಹಾಕುತ್ತ ಆರಿಸುತ್ತ ಬ್ಯಾಡಗಿ ಮುಟ್ಟಿದಾಗ ಬ್ಯಾಟರಿಗೆ ಸಿಕ್ಕಿದ್ದು ಹನಿ ನೀರಾವರಿ. ಹನ್ನೊಂದು ಗಂಟೆಗೆ ಫ್ರಿಜ್ಜು ಒಮ್ಮೆ ಕುಂಯ್ ಎಂದು ನಿಂತಿತು. ಅಂದಿನ ಮಜ್ಜಿಗೆ ಉಗುರುಬೆಚ್ಚಗೆ ಇದ್ದರೂ ಹೆಂಗಸರು ಪಾಪ ಕುಡಿದರು. ಫಕ್ಕೀರವ್ವ ಗ್ಲಾಸು ತಿರುಗಿ ಕೊಡುತ್ತ, "ರುಚಿ ಅಂದ್ರ ರುಚಿ ಐತ್ರಿ ಅಕ್ಕಾರ. ತಣ್ಣಗಿದ್ದಿದ್ರ ಹೊಟ್ಟಿಗೂ ಗೊತ್ತಾಗ್ತಿತ್ತು" ಎಂದಳು.

ಮುಂದಿನ ಸಂತೆಗೆ ನಾನು ಪೂರ್ತಿ ತಯಾರಿ ಮಾಡಿಕೊಂಡೆ. ದೀಪದ ಗೊಡವೆಯೇ ಬೇಡವೆಂದು ಜೀಪಿನ ಬ್ಯಾಟರಿಯಿಂದ ಸಾಕೆಟ್ಟಿನ ಖಾಲಿ ಪಿನ್ನಿಗೆ, ಅಲ್ಲಿಂದ ಟ್ರೇಲರಿನ ಬ್ಯಾಟರಿಗೆ ನೇರ ತಂತಿ ಎಳೆದೆ. ತಂತಿ ಮನೆಯಲ್ಲೇ ಇತ್ತು. ಬಾಗಿಲಿನ ಕರೆಗಂಟೆಗೆಂದು ತಂದು ಉಳಿದದ್ದು. ಕೆಂಪು ಬಣ್ಣದ, ನೋಡಲು ಅಂದವಾದ, ದಾರದಂಥ ತಂತಿ. ಈ ಸಲ ದೀಪ ಹಾಕದೆ, ಯಾರ ಉಪಕಾರವನ್ನೂ ಪಡೆಯದೆ ಬ್ಯಾಡಗಿ ಮುಟ್ಟಿದೆವು. ಗಿರಿಜಾ ಹಿಂದಿನ ಸಲಕ್ಕಿಂತ ದೊಡ್ಡ ಕ್ಯಾನು ತುಂಬಿದ್ದಳು. ಸಾಲಿನ ಕೊನೆಯವರೆಗೂ ಮುಟ್ಟಬೇಕೆಂಬುದು ಆಕೆಯ ಹಟ. ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲರೂ ಕೈ ತೊಳೆದು ಬರುತ್ತಾರೆ, ಆಗಲೇ ತೆಗೆಯೋಣ, ತಂಪು ಹೊರಹೋಗುವುದು ಬೇಡ ಎಂದು ಮುಚ್ಚಳವನ್ನು ಮುಟ್ಟದೆ ಬೇವಿನ ಗಿಡದ ನೆರಳಿನಲ್ಲಿ ಕಾದಳು. ನಾನು ಪಕ್ಕದಲ್ಲಿ ನಿಂತು ಬಂದವರಿಗೆಲ್ಲ ನನ್ನ ವ್ಯವಸ್ಥೆಯನ್ನು ವಿವರಿಸುತ್ತಿದ್ದೆ.

ಹೆಂಗಸರು ಬಂದರು. ಕಣ್ಣು ಕೆಂಪಗೆ, ಬೆರಳು ಉರಿಯುತ್ತ, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಗ್ಲಾಸು. ಗಿರಿಜಾ ಮುಚ್ಚಳ ತೆಗೆದಳು. ತಂಪು ಬರಬೇಕಾದಲ್ಲಿ ಹುಳಿ ವಾಸನೆ ಬಂತು. ಫ್ರಿಜ್ಜು ಯಾವಾಗಲೋ ನಿಂತುಹೋಗಿತ್ತು. ಬಿಸಿಲಿನಲ್ಲಿ ಮುಚ್ಚಿದ ಪೆಟ್ಟಿಗೆಯಲ್ಲಿ ಮಜ್ಜಿಗೆ ಬೆಚ್ಚಗೆ ಮಲಗಿ ಹುಳಿಯಾಗಿತ್ತು. ಗಿರಿಜಾ ಒಂದು ಚಮಚ ನಾಲಿಗೆಗೆ ಹಚ್ಚಿ ನೋಡಿದಳು. ಆಮೇಲೆ ಕ್ಯಾನನ್ನು ಎತ್ತಿ ಬೇವಿನ ಬುಡಕ್ಕೆ ಬಗ್ಗಿಸತೊಡಗಿದಳು.

ಫಕ್ಕೀರವ್ವ ಓಡಿ ಬಂದು ಕ್ಯಾನು ಹಿಡಿದಳು. "ಚೆಲ್ಲಬ್ಯಾಡ್ರಿ ಅಕ್ಕಾರ. ಹುಳಿ ಆದ್ರೇನಾತು, ಮ್ಯಾಲ ಉಪ್ಪ ಹಾಕ್ಕೊಂಡ ಕುಡೀತೇವಿ."

"ಬ್ಯಾಡವ್ವ," ಎಂದಳು ಗಿರಿಜಾ. "ನಿಮ್ಮ ಗಂಟಲಾ ಮೊದಲ ಉರಿಯಾಕತ್ತಾವು. ಅದರ ಮ್ಯಾಲ ನಾ ಹುಳಿ ಹಾಕೂದಿಲ್ಲ."

ಹೆಂಗಸರು ಖಾಲಿ ಗ್ಲಾಸು ಹಿಡಿದು ನೀರಿನ ಟಾಕಿಯ ಕಡೆಗೆ ಹೋದರು. ಗಿರಿಜಾ ನನ್ನನ್ನು ಬೈಯಲಿಲ್ಲ. ಮದುವೆಯಾಗಿ ಮೂವತ್ತಾರು ವರ್ಷವಾಯಿತು. ಆಕೆ ಬೈಯುವುದು ನನಗೆ ಗಡಿಯಾರ ಹೊಡೆದಂತೆ, ಮನೆಯಲ್ಲಿ ಎಲ್ಲವೂ ಸರಿಯಾಗಿದೆ ಎಂಬ ಗುರುತು. ಅಂದು ಆಕೆ ಕ್ಯಾನನ್ನು ತೊಳೆದು, ಗ್ಲಾಸುಗಳನ್ನು ಚೀಲಕ್ಕೆ ಹಾಕಿ, ಜೀಪಿನಲ್ಲಿ ಹೋಗಿ ಕೂತಳು. ಏನಾದರೂ ಅನ್ನಲಿ ಎಂದು ನಾನು ಕಾದೆ. "ನಡೀರಿ" ಎಂದಷ್ಟೇ ಅಂದಳು.

ನಡೆಯೋಣವೆಂದರೆ ಜೀಪು ಹೊರಡಲಿಲ್ಲ. ಕೀಲಿ ತಿರುಗಿಸಿದರೆ ಟಿಕ್ ಎಂದು ಸುಮ್ಮನಾಯಿತು. ನೇರ ತಂತಿ ಎಳೆದಿದ್ದೆನಲ್ಲ, ಫ್ರಿಜ್ಜು ಮೊದಲು ತನ್ನ ಬ್ಯಾಟರಿಯನ್ನು ಕುಡಿದು, ಆಮೇಲೆ ಆ ತಂತಿಯ ಮೂಲಕ ಜೀಪಿನ ಬ್ಯಾಟರಿಯನ್ನೂ ನಿಧಾನವಾಗಿ ಹೀರಿಬಿಟ್ಟಿತ್ತು. ಅಂದು ಆ ಅಂಗಳದಲ್ಲಿ ಹೊಟ್ಟೆ ತುಂಬ ಕುಡಿದದ್ದು ಅದೊಂದೇ. ಆರು ಜನ ಹಮಾಲರು ಬಂದು ಹಿಂದಿನಿಂದ ತಳ್ಳಿದರು. "ಮಾಸ್ತರ್ರ, ನಿಮ್ಮ ಜೀಪಿಗಿಂತ ನಮ್ಮ ಮೆಣಸಿನಕಾಯಿ ಚೀಲ ಹಗರ ನೋಡ್ರಿ" ಎಂದು ಒಬ್ಬ ನಕ್ಕ. ಜೀಪು ಕೆಮ್ಮಿತು, ಸೀನಿತು, ಶುರುವಾಯಿತು. ಬ್ಯಾಡಗಿಯಲ್ಲಿ ಎಲ್ಲರೂ ಶುರುವಾಗುವುದು ಹಾಗೆಯೇ.

ಮೋಟೆಬೆನ್ನೂರು ದಾಟಿದೆವು. ಆಮೇಲೆ ಗಿರಿಜಾ ಎದುರಿನ ರಸ್ತೆ ನೋಡುತ್ತಲೇ ಹೇಳಿದಳು, "ಮನೀ ಮುಂದ ಗಾಡಿ ಬಂದ್ ಮಾಡಬ್ಯಾಡ್ರಿ. ಸೀದಾ ಶಮೀಮಳ ಅಂಗಡಿಗೆ ಹೊಡೀರಿ."

ಶಮೀಮಬಾನು ನನ್ನ ಹಳೆಯ ವಿದ್ಯಾರ್ಥಿನಿ. ಈಗ ನಲವತ್ತರ ಆಸುಪಾಸು. ಆಕೆಯ ತಂದೆ ರಾಣೆಬೆನ್ನೂರಿನಲ್ಲಿ ಬ್ಯಾಟರಿ ಮತ್ತು ಮೋಟಾರು ರಿಪೇರಿಯ ಅಂಗಡಿ ಇಟ್ಟಿದ್ದರು. ಅವರಿಗೆ ಕಣ್ಣು ಮಂಜಾದ ಮೇಲೆ ಆಕೆಯೇ ನಡೆಸುತ್ತಿದ್ದಾಳೆ. ಮೊದಲೇ ಆಕೆಯ ಹತ್ತಿರ ಯಾಕೆ ಹೋಗಲಿಲ್ಲವೆಂದು ನೀವು ಕೇಳಬಹುದು. ವಿದ್ಯಾರ್ಥಿಯ ಮುಂದೆ ಹೋಗಿ "ನನಗೆ ಬರೂದಿಲ್ಲ" ಎನ್ನಲು ಮಾಸ್ತರನ ನಾಲಿಗೆ ಏಳುವುದಿಲ್ಲ. ನಾವು ಹೋದಾಗ ಆಕೆ ಒಂದು ಪಂಪಿನ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದಳು. ಎದ್ದು ಕೈ ಒರೆಸಿಕೊಂಡು, "ಬರ್ರಿ ಸರ್, ಕುಂದ್ರಿ" ಎಂದು ಸ್ಟೂಲು ಸರಿಸಿದಳು. ಆಮೇಲೆ ಗಿರಿಜಾಳನ್ನು ನೋಡಿ ನಗುತ್ತ ಕೇಳಿದಳು, "ಏನ್ರಿ ಬಾಯಾರ, ಈ ಸಲ ಮಿಕ್ಸರ್ ತಂದಿಲ್ಲೇನು?"

ಗಿರಿಜಾ ಕಣ್ಣಿನಲ್ಲೇ ಏನೋ ಹೇಳಲು ನೋಡಿದಳು. ತಡವಾಗಿತ್ತು.

"ಮಿಕ್ಸರ್ ಯಾಕ?" ಎಂದೆ ನಾನು.

ಶಮೀಮ ಒಮ್ಮೆ ನನ್ನ ಮುಖ, ಒಮ್ಮೆ ಆಕೆಯ ಮುಖ ನೋಡಿ, "ಏನಿಲ್ಲ ಬಿಡ್ರಿ ಸರ್" ಎಂದು ಮೋಟಾರಿನ ಕಡೆ ತಿರುಗಿದಳು. ಆಗ ನನಗೆ ಆ ಎರಡು ದಿನಗಳ ಅರ್ಥ ತಿಳಿಯಿತು. ನಾನು ರಿಪೇರಿ ಮಾಡಿ ಮುಚ್ಚಿಟ್ಟ ಮಿಕ್ಸರ್, ಇಸ್ತ್ರಿ ಪೆಟ್ಟಿಗೆ, ಫ್ಯಾನು ಎಲ್ಲವೂ ಮರುದಿನ ಕಾಯಿಪಲ್ಯೆಯ ಚೀಲದಲ್ಲಿ ಕೂತು ಇಲ್ಲಿಗೆ ಬರುತ್ತಿದ್ದವು. ಅದರ ಮರುದಿನ ಮನೆಗೆ ಬಂದು ತಿರುಗುತ್ತಿದ್ದವು. ನಾನು ಗಿರಿಜಾಳ ಕಡೆ ನೋಡಿದೆ. ಆಕೆ ಸೆರಗು ಸರಿಮಾಡಿಕೊಳ್ಳುತ್ತ, "ನೀವು ಅಷ್ಟ ಖುಷೀಲೆ ಮಾಡ್ತಿದ್ರಿ. ಆಗಿಲ್ಲ ಅಂತ ಹ್ಯಾಂಗ ಹೇಳೂದು?" ಎಂದಳು. ಇಷ್ಟು ವರ್ಷ ಇವಳು ನನ್ನ ಮರ್ಯಾದೆಯನ್ನು ಚೀಲದಲ್ಲಿ ಹೊತ್ತು ತಿರುಗಿದ್ದಾಳಲ್ಲ ಎನಿಸಿತು.

ಶಮೀಮ ಎಂಜಿನ್ ಓಡುತ್ತಿರುವಂತೆಯೇ ಬಾನೆಟ್ಟು ಎತ್ತಿಸಿ ಮೀಟರು ಹಚ್ಚಿದಳು. ಆಮೇಲೆ ಹಿಂದೆ ಬಂದು ಟ್ರೇಲರಿನ ಬ್ಯಾಟರಿಗೆ ಹಚ್ಚಿದಳು. ನನ್ನ ಕೆಂಪು ತಂತಿಯನ್ನು ಎರಡು ಬೆರಳಲ್ಲಿ ಹಿಡಿದು, ಬಿಸಿಯೆಂದು ತಟ್ಟನೆ ಬಿಟ್ಟಳು.

"ಸರ್, ಮುಂದ ಹದಿನಾಲ್ಕು ವೋಲ್ಟ್ ಐತಿ. ಇಲ್ಲಿಗೆ ಬರೂದ್ರಾಗ ಹನ್ನೆರಡೂ ಉಳಿದಿಲ್ಲ. ನಡುವಿಂದು ಎಲ್ಲಿ ಹೋತು ಹೇಳ್ರಿ?"

ಕೇಳಿದ ಧಾಟಿ ನನ್ನದೇ. ನಾನು ಎದ್ದು ನಿಂತೆ. ಯಾಕೆ ನಿಂತೆನೋ, ಕಾಲು ತಾನಾಗಿ ಎದ್ದಿತು. "ತಂತ್ಯಾಗ" ಎಂದೆ.

"ಯಾಕ ಹೋತು?"

"ತಂತಿ ಸಣ್ಣದು. ಮತ್ತ ಉದ್ದ ಭಾಳ."

"ಸಣ್ಣ ಪೈಪಿನಾಗ ನೀರು ಕಮ್ಮಿ ಬರ್ತದ ಅಂತ ನೀವ ಹೇಳಿದ್ರಿ ಸರ್. ಅದನ್ನ ಹಿಡಕೊಂಡ ನಾ ಇಷ್ಟು ದಿವಸ ಅಂಗಡಿ ನಡಸೇನಿ." ಆಕೆ ಇದನ್ನು ಹಂಗಿಸಲು ಹೇಳಲಿಲ್ಲ, ನಿಜವಾಗಿ ಹೇಳಿದಳು. ಅದಕ್ಕೇ ಇನ್ನೂ ಚುಚ್ಚಿತು.

ಆಗ ನನಗೆ ಇನ್ನೊಂದು ನೆನಪಾಯಿತು. ಒಂಬತ್ತನೆಯ ತರಗತಿಯಲ್ಲಿ ಎರಡನೆಯ ಸಾಲಿನಿಂದ ಎರಡು ಜಡೆಯ ಹುಡುಗಿಯೊಬ್ಬಳು, ಬ್ಯಾಟರಿ ತುಂಬಿದ್ದು ಹ್ಯಾಂಗ ಗೊತ್ತಾಗ್ತದ ಸರ್ ಎಂದು ಕೇಳಿದ್ದಳು. ನನಗೆ ಉತ್ತರ ಗೊತ್ತಿರಲಿಲ್ಲ. ಅದು ಪರೀಕ್ಷೆಗೆ ಬರೂದಿಲ್ಲ, ಕುಂದ್ರು ಎಂದಿದ್ದೆ. ಇದನ್ನು ಹೇಳಿ, "ತಪ್ಪಾತವಾ ಶಮೀಮ" ಎಂದೆ.

ಆಕೆ ನಕ್ಕಳು. "ಅದಕ್ಕೇನ್ರಿ ಸರ್. ನೀವು ಹೇಳಲಿಲ್ಲಂತ ಮನಿಗೆ ಬಂದು ಅಪ್ಪಾನ್ನ ಕೇಳಿದೆ. ಅಪ್ಪ ಇಲ್ಲೇ ಬಾಜೂಕ ಕುಂದ್ರಿಸಿಕೊಂಡು ಒಂದು ವಾರ ತೋರಿಸಿದ. ಅಂದ ಕುಂತಾಕಿ ಇನ್ನೂ ಎದ್ದಿಲ್ಲ. ನೀವು ಹೇಳಿಬಿಟ್ಟಿದ್ರ ಅಲ್ಲಿಗೇ ಮುಗೀತಿತ್ತು."

ನನ್ನ ವೃತ್ತಿಜೀವನದಲ್ಲಿ ಹೀಗೆ ಉತ್ತರ ಹೇಳದೆ ಎಷ್ಟು ಜನರನ್ನು ಉದ್ಧಾರ ಮಾಡಿದ್ದೇನೋ ಗೊತ್ತಿಲ್ಲ.

ಎರಡು ದಿನ ಜೀಪು ಅಲ್ಲಿಯೇ ಇತ್ತು. ಶಮೀಮ ಏಳು ಪಿನ್ನಿನ ಸಾಕೆಟ್ಟನ್ನು ದೀಪಗಳಿಗಷ್ಟೇ ಬಿಟ್ಟು, ಅದರ ಪಕ್ಕದಲ್ಲಿ ಚಾರ್ಜಿಗೆಂದೇ ದೊಡ್ಡದೊಂದು ಸಾಕೆಟ್ಟು ಕೂಡಿಸಿದಳು. ಹೋಗುವುದಕ್ಕೊಂದು, ಬರುವುದಕ್ಕೊಂದು, ಬೆರಳು ದಪ್ಪದ ತಂತಿ ಎಳೆದಳು. ಎರಡೂ ಬ್ಯಾಟರಿಗಳ ಹತ್ತಿರ ಒಂದೊಂದು ಫ್ಯೂಸ್ ಹಾಕಿದಳು. ನಡುವೆ ರಿಲೇ ಎಂಬ ಸಣ್ಣ ಡಬ್ಬಿಯಿಟ್ಟಳು. ಎಂಜಿನ್ ಓಡುವಾಗ ಅದು ಎರಡು ಬ್ಯಾಟರಿಗಳನ್ನು ಕೂಡಿಸುತ್ತದೆ, ನಿಂತಾಗ ಬಿಡಿಸುತ್ತದೆ. ಫ್ರಿಜ್ಜು ಇನ್ನು ಜೀಪಿನ ಬ್ಯಾಟರಿಯನ್ನು ಮುಟ್ಟುವಂತಿಲ್ಲ. ಕೊಡುವಾಗ ನನಗಲ್ಲ, ಗಿರಿಜಾಳಿಗೆ ಹೇಳಿದಳು. "ಬಾಯಾರ, ಮಜ್ಜಿಗಿ ಮನ್ಯಾಗ ತಣ್ಣಗ ಮಾಡಿ ತುಂಬ್ರಿ. ಈ ಪೆಟಿಗಿ ಇದ್ದ ತಂಪು ಕಾಯ್ತದ, ಹೊಸಾ ತಂಪು ಹುಟ್ಟಸಾಕ ಇದರ ಕೈಲೆ ಆಗೂದಿಲ್ಲ. ದಾರ್ಯಾಗ ಸಿಗೂ ಚಾರ್ಜು ಒಂದು ಸಂತಿಗೆ ಸಾಕು, ಆದರ ಬ್ಯಾಟರಿ ಹೊಟ್ಟಿ ತುಂಬೂದಿಲ್ಲ. ವಾರಕ್ಕೊಮ್ಮೆ ಬ್ಯಾಟರಿ ಇಲ್ಲಿ ತಂದಿಡ್ರಿ, ಪೂರಾ ತುಂಬಿಸಿ ಕೊಡ್ತೇನಿ." ನಾನು ನಡುವೆ ಏನೋ ಕೇಳಲು ಬಾಯಿ ತೆಗೆದೆ. ಇಬ್ಬರೂ ನನ್ನ ಕಡೆ ನೋಡಿದರು. ಮುಚ್ಚಿಕೊಂಡೆ.

ಮೂರನೆಯ ಸಂತೆಯ ದಿನ ಗಿರಿಜಾ ದಾರಿಯುದ್ದಕ್ಕೂ ಹಿಂದೆ ತಿರುಗಿ ತಿರುಗಿ ಟ್ರೇಲರನ್ನು ನೋಡುತ್ತಿದ್ದಳು. ಅಂಗಳಕ್ಕೆ ಬಂದ ಮೇಲೂ ಎರಡು ಸಲ ಎದ್ದು ಪೆಟ್ಟಿಗೆಯ ಮೇಲೆ ಕೈಯಿಟ್ಟು ಅದು ನಡುಗುತ್ತಿದೆಯೇ ಎಂದು ನೋಡಿ ಬಂದಳು. ಮಧ್ಯಾಹ್ನ ಹೆಂಗಸರು ಬಂದರು, ಈ ಸಲ ಸ್ವಲ್ಪ ಹಿಂದೆಯೇ ನಿಂತರು. ಗಿರಿಜಾ ಮುಚ್ಚಳ ತೆಗೆದು ಮೊದಲ ಗ್ಲಾಸನ್ನು ಫಕ್ಕೀರವ್ವನಿಗೆ ಕೊಟ್ಟಳು. ಆಕೆ ಕುಡಿಯಲಿಲ್ಲ. ಮೆಣಸಿನಕಾಯಿಯಿಂದ ಉರಿಯುತ್ತಿದ್ದ ಹತ್ತೂ ಬೆರಳುಗಳಿಂದ ಆ ತಣ್ಣನೆಯ ಸ್ಟೀಲಿನ ಗ್ಲಾಸನ್ನು ಹಿಡಿದು, ಕಣ್ಣು ಮುಚ್ಚಿ, ಗಲ್ಲಕ್ಕೆ ಒತ್ತಿಕೊಂಡು ನಿಂತಳು. ಹಿಂದಿನವರು, "ಏ ಯವ್ವಾ, ಕುಡದು ಸರಿಯವಾ, ನಾವೂ ಅದೇವಿ" ಎಂದು ಕೂಗಿದ ಮೇಲೆ ಒಂದೇ ಉಸಿರಿಗೆ ಕುಡಿದಳು. ಅಂದು ಮಜ್ಜಿಗೆ ಸಾಲಿನ ಕೊನೆಯವಳವರೆಗೂ ಮುಟ್ಟಿತು. ಗಿರಿಜಾ ತಿರುಗಿ ನನ್ನನ್ನು ನೋಡಿ, "ಅಲ್ರಿ, ಗಿಡದಂಗ ನಿಂತೀರಲ್ಲ, ಆ ಗ್ಲಾಸು ತೊಳದು ಕೊಡಬಾರ್ದ?" ಎಂದು ಗದರಿದಳು. ಆ ಬೈಗುಳ ಕೇಳಿ ನನಗಾದ ಸಂತೋಷ ಇಷ್ಟಷ್ಟಲ್ಲ. ಒಂದೂ ಬಿಡದೆ ಎಲ್ಲ ಗ್ಲಾಸು ತೊಳೆದೆ.

ಈಗ ನಮ್ಮದು ಆ ಅಂಗಳದಲ್ಲಿ ಕಾಯಂ ಜಾಗ. ಮೊನ್ನೆ ಗಿರಿಜಾ ಮಜ್ಜಿಗೆ ಹಾಕುವುದರಲ್ಲಿದ್ದಳು, ನಾನು ಜೀಪಿನ ಗಾಜು ಒರೆಸುತ್ತಿದ್ದೆ. ಮೆಣಸಿನಕಾಯಿ ವ್ಯಾಪಾರದ ಸಾಹುಕಾರರೊಬ್ಬರು ಹತ್ತಿರ ಬಂದು ನಿಂತರು. ಕೆಲವು ದಿನಗಳಿಂದ ದೂರದಿಂದ ನನ್ನನ್ನು ಗಮನಿಸುತ್ತಿದ್ದವರು.

"ಗಾಡಿ ಭಾಳ ಚಲೋ ಇಟ್ಟೀರಿ ಡ್ರೈವರ್ರ. ಮಾತೂ ಕಮ್ಮಿ. ಆ ಅಕ್ಕಾರ ಹತ್ರ ಎಷ್ಟು ದಿವಸಾತು?"

ನನ್ನ ಪರಿಚಯ ಹೇಳಬೇಕೆಂದುಕೊಂಡೆ. ಆದರೆ ಅವರು ಕೇಳಿದ್ದಕ್ಕೆ ನಿಜವಾದ ಉತ್ತರವೇ ಬಾಯಿಗೆ ಬಂತು. "ಮೂವತ್ತಾರು ವರ್ಷ ಆತ್ರಿ."

ಸಾಹುಕಾರರು ಬೆರಗಾದರು. "ಮೂವತ್ತಾರು! ಈಗಿನ ಕಾಲದಾಗ ಆರು ತಿಂಗಳ ನಿಲ್ಲೂದಿಲ್ಲ ಒಬ್ಬನೂ. ನಮ್ಮಲ್ಲಿಗೆ ಬರ್ರಿ, ನಾ ಚಲೋತ್ನಾಗಿ ನೋಡ್ಕೋತೇನಿ."

"ಅಕ್ಕಾರನ್ನ ಕೇಳಿ ಹೇಳ್ತೇನ್ರಿ" ಎಂದೆ.

ವಾಪಸ್ಸು ಬರುವಾಗ ಗಿರಿಜಾಳಿಗೆ ಎಲ್ಲ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. ಹೊರಗೆ ನೋಡುತ್ತ ಸ್ವಲ್ಪ ದೂರ ನಿಜವಾಗಿಯೇ ವಿಚಾರ ಮಾಡಿದಳು. ಆಮೇಲೆ, "ಕಳಿಸಾಕ ಆಗೂದಿಲ್ಲ ಅಂತ ಹೇಳಿಬಿಡ್ರಿ" ಎಂದಳು. "ಈಗಷ್ಟ ಒಂದು ಹದಕ್ಕ ಬರಾಕತ್ತೀರಿ. ಹೊಸಬನ್ನ ತಂದು ಮತ್ತ ಮೂವತ್ತಾರು ವರ್ಷ ಯಾರು ಕಲಸ್ತಾರ?"

ನನಗೂ ಅದೇ ಸರಿ ಎನಿಸಿತು. ಈ ವಯಸ್ಸಿನಲ್ಲಿ ಕೆಲಸ ಬದಲಿಸುವುದು ಸುಲಭವಲ್ಲ.